ಮಕ್ಕಳ ಜೊತೆ ಹಂಪಿ: ಹೊಳೆ ದಂಡೆಯ ದಾರಿ, ಬಂಡೆ ಮೇಲೆ ಹುಲಿ-ಕುರಿ ಆಟ

[ದೃಶ್ಯ: ಬೆಳಗಿನ ಎಳೆ ಬಿಸಿಲು. ತುಂಗಭದ್ರೆಯ ದಂಡೆ. ಬಂಡೆಗಳ ನಡುವೆ ಕಾಲುದಾರಿ.]

ನಮಸ್ಕಾರ. ನಮ್ಮ ಚಾನೆಲ್ ನೋಡುವ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆ ಇದು. ಆರೇಳು ವರ್ಷದ ಮಕ್ಕಳನ್ನು ಕರೆದುಕೊಂಡು ಹೊಳೆ ಪಕ್ಕದಲ್ಲಿ ನಡೆಯಬೇಕು. ಅರ್ಧ ದಾರಿಯಲ್ಲಿ "ಅಪ್ಪಾ, ಎತ್ಕೋ" ಅನ್ನಬಾರದು. ಅಂಥ ಜಾಗ ಎಲ್ಲಿದೆ?

ಹಂಪಿಯಲ್ಲಿದೆ. ಹಂಪಿಗೆ ನಾವೆಲ್ಲ ಹೋಗಿದ್ದೇವೆ ಅಂತೀರಾ? ಹೋಗಿರುತ್ತೀರಿ, ಆದರೆ ಹೇಗೆ ನೋಡಿದಿರಿ? ಹೆಚ್ಚಿನವರು ವಿರೂಪಾಕ್ಷನ ದರ್ಶನ ಮುಗಿಸಿ ಮತ್ತೆ ಗಾಡಿ ಹತ್ತುತ್ತಾರೆ. ಕಮಲಾಪುರದ ಕಡೆಯಿಂದ ಸುತ್ತಿಕೊಂಡು ವಿಠ್ಠಲ ದೇವಸ್ಥಾನಕ್ಕೆ ಹೋಗುತ್ತಾರೆ. ಈ ಎರಡು ಗುಡಿಗಳ ನಡುವೆ ಹೊಳೆ ಗುಂಟ ಒಂದು ಕಾಲುದಾರಿ ಇದೆ. ಮಕ್ಕಳಿಗೆ ಹಂಪಿ ಇಷ್ಟವಾಗುವುದು ಆ ದಾರಿಯಲ್ಲೇ.

ದಾರಿಯ ವಿವರ ಬೇಗ ಹೇಳಿಬಿಡುತ್ತೇನೆ. ವಿರೂಪಾಕ್ಷನ ಗುಡಿ ಮುಂದಿನ ಬಜಾರಿನ ಪೂರ್ವದ ತುದಿಯಲ್ಲಿ ಎದುರು ಬಸವಣ್ಣ, ಅಂದರೆ ದೊಡ್ಡ ಕಲ್ಲಿನ ನಂದಿ. ಅಲ್ಲಿಂದ ಹೊಳೆ ಕಡೆ ಇಳಿದರೆ ಚಕ್ರತೀರ್ಥ, ಕೋದಂಡರಾಮ ದೇವಸ್ಥಾನ. ಮುಂದೆ ಸುಗ್ರೀವನ ಗುಹೆ, ಪುರಂದರ ಮಂಟಪ, ರಾಜರ ತುಲಾಭಾರದ ಕಲ್ಲುಗಂಬ, ಆಮೇಲೆ ವಿಠ್ಠಲ. ಸುಮಾರು 2 ಕಿ.ಮೀ. ಅಷ್ಟೇ. ಮೆಟ್ಟಿಲು ಇದೆ, ಬಂಡೆ ಇದೆ, ಹಾಗಾಗಿ ಮಗುವಿನ ತಳ್ಳುಗಾಡಿ ಬೇಡ. ಒಳ್ಳೆ ಚಪ್ಪಲಿ, ಟೋಪಿ, ಜಾಸ್ತಿ ನೀರು ಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ಹಿತವಾಗಿರುತ್ತದೆ. ಬೇಸಿಗೆಯಲ್ಲಿ ಹತ್ತು ಗಂಟೆಗೇ ಬಂಡೆ ಕಾಯುತ್ತದೆ, ಮಕ್ಕಳನ್ನು ನಡೆಸಬೇಡಿ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ.

[ದೃಶ್ಯ: ಮಂಟಪದ ನೆಲ, ಹತ್ತಿರದಿಂದ. ಓರೆ ಬೆಳಕಿನಲ್ಲಿ ಮಸುಕಾದ ಗೆರೆಗಳು.]

ಹಂಪಿಯ ಮಂಟಪಗಳ ಜಗಲಿ, ಗುಡಿಯ ಹಾಸುಗಲ್ಲು, ಬಯಲಿನ ಬಂಡೆ, ಹೀಗೆ ಹಲವು ಕಡೆ ಕಲ್ಲಿನ ಮೇಲೆ ಆಟದ ಮನೆಗಳನ್ನು ಕೆತ್ತಿದ್ದಾರೆ. ಶಿಲ್ಪ ಅಲ್ಲ, ದೇವರ ಚಿತ್ರ ಅಲ್ಲ. ಕೂತು ಆಡುವುದಕ್ಕೆ ಅಂತಲೇ ಮಾಡಿಕೊಂಡ ಗೆರೆಗಳು! ಒಂದರೊಳಗೊಂದು ಮೂರು ಚೌಕ ಕಂಡರೆ ಅದು ಸಾಲುಮನೆ ಆಟ. ಎರಡು ಸಾಲು ಗುಳಿ ಇದ್ದರೆ ಅಳಗುಳಿ ಮಣೆ. ತ್ರಿಕೋನದ ಮೇಲೆ ಅಡ್ಡ ಗೆರೆ ಹಾಯ್ದಿದ್ದರೆ ಹುಲಿ-ಕುರಿ.

ನಡು ಮಧ್ಯಾಹ್ನ ಹುಡುಕಿದರೆ ಇವು ಕಣ್ಣಿಗೇ ಬೀಳುವುದಿಲ್ಲ. ಗೆರೆಗಳು ಸವೆದಿವೆ, ಆಳ ಕಡಿಮೆ. ಸೂರ್ಯ ನೆತ್ತಿಯ ಮೇಲಿದ್ದಾಗ ಕಲ್ಲೆಲ್ಲ ಒಂದೇ ಬಣ್ಣ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಗೆರೆಯ ಒಂದು ಅಂಚಿನಲ್ಲಿ ನೆರಳು ಕೂರುತ್ತದೆ. ಆಗ ಇಡೀ ಆಟದ ಮನೆ ನೆಲದಿಂದ ಎದ್ದು ಕಾಣುತ್ತದೆ. ಮಕ್ಕಳು ನಮಗಿಂತ ನೆಲಕ್ಕೆ ಹತ್ತಿರ ಇರುತ್ತಾರಲ್ವಾ, ಮೊದಲು ಅವರಿಗೇ ಕಾಣುತ್ತದೆ. "ಮುಂದಿನ ಮಂಟಪದಲ್ಲಿ ಇದೆಯಾ ನೋಡು" ಅಂದರೆ ಸಾಕು. ಕಾಲು ನೋವು ಅನ್ನುತ್ತಿದ್ದವರು ಓಡುತ್ತಾರೆ.

ಹುಲಿ-ಕುರಿ ಆಡುವುದು ಹೇಗೆ ಅಂತ ಹೇಳಿಕೊಡುತ್ತೇನೆ. ಊರಿಂದ ಊರಿಗೆ ಲೆಕ್ಕ ಬೇರೆ ಇರುತ್ತದೆ. ತ್ರಿಕೋನದ ಮನೆಯಲ್ಲಿ 3 ಹುಲಿ, 15 ಕುರಿ ಇಟ್ಟುಕೊಳ್ಳಿ. ಹುಲಿಗೆ ಮೂರು ದೊಡ್ಡ ಕಲ್ಲು, ಕುರಿಗೆ ಮನೆಯಿಂದ ತಂದ ಹುಣಸೆ ಬೀಜ. ಹುಲಿಗಳು ಮೇಲಿನ ತುದಿಯಲ್ಲಿ ಒಂದು, ಅದರ ಕೆಳಗಿನ ಸಾಲಿನಲ್ಲಿ ಎರಡು. ಕುರಿ ಆಡುವವರು ಗೆರೆ ಕೂಡುವ ಜಾಗದಲ್ಲಿ ಒಂದೊಂದೇ ಕುರಿ ಇಡುತ್ತಾ ಹೋಗಬೇಕು. ಹದಿನೈದೂ ಇಟ್ಟು ಮುಗಿಯುವವರೆಗೆ ಕುರಿ ಜರುಗುವಂತಿಲ್ಲ. ಹುಲಿ ಮಾತ್ರ ಮೊದಲಿನಿಂದಲೇ ನಡೆಯಬಹುದು. ಪಕ್ಕದಲ್ಲಿ ಕುರಿ ಇದ್ದು ಅದೇ ಗೆರೆಯಲ್ಲಿ ಅದರಾಚೆಯ ಜಾಗ ಖಾಲಿ ಇದ್ದರೆ ಹಾರಿ ತಿನ್ನಬಹುದು. ಮೂರೂ ಹುಲಿ ಅಲ್ಲಾಡದ ಹಾಗೆ ಕಟ್ಟಿಹಾಕಿದರೆ ಕುರಿ ಗೆದ್ದ ಹಾಗೆ.

ಮೊದಲ ಸಲ ಎಲ್ಲ ಮಕ್ಕಳೂ ಹುಲಿಯೇ ಬೇಕು ಅಂತಾರೆ. ಕೊಡಿ. ಎರಡನೇ ಆಟಕ್ಕೆ ಕುರಿ ಕೊಡಿ. ಆಗ ಇಬ್ಬರ ಆಟವೂ ನಿಧಾನವಾಗುತ್ತದೆ, ಮಾತು ಕಡಿಮೆಯಾಗುತ್ತದೆ. ಒಂಟಿ ಕುರಿ ಹುಲಿ ಬಾಯಿಗೆ ಹೋಗುತ್ತದೆ. ಅದೇ ಗೆರೆಯಲ್ಲಿ ಹಿಂದೆ ಇನ್ನೊಂದು ಕುರಿ ನಿಂತಿದ್ದರೆ ಹುಲಿಗೆ ಹಾರಲು ಜಾಗವೇ ಇಲ್ಲ. ಯಾರೂ ಹೇಳಿಕೊಡದೆ ಒಂದು ಮಗು ಇದನ್ನು ತಾನೇ ಕಂಡುಕೊಳ್ಳುವುದನ್ನು ಪಕ್ಕದಲ್ಲಿ ಕೂತು ನೋಡಿ. ಅದಕ್ಕಿಂತ ಖುಷಿ ನನಗಂತೂ ಬೇರೆ ಇಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹಳೆ ಗೆರೆ ಕಾಣುತ್ತಿಲ್ಲ ಅಂತ ಸೀಮೆಸುಣ್ಣ ಬಳಿಯಬೇಡಿ, ಕಲ್ಲಿನಿಂದ ಗೀರಬೇಡಿ. 1986ರಿಂದ ಇದು ವಿಶ್ವ ಪರಂಪರೆಯ ತಾಣ. ಗೆರೆ ಪೂರ್ತಿ ಅಳಿಸಿಹೋಗಿದ್ದರೆ ಒಂದು ಹಾಳೆಯ ಮೇಲೆ ಮನೆ ಬರೆದುಕೊಂಡು ಅಲ್ಲೇ ಹಾಸಿ ಆಡಿ.

[ದೃಶ್ಯ: ಚಕ್ರತೀರ್ಥ. ಸುತ್ತುತ್ತಾ ಹೋಗುವ ತೆಪ್ಪ.]

ಸಮಯ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ.

ತೆಪ್ಪ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ನೋಡಿ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿರುವ ದೋಣಿ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಅಂತ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಟಾರು ಬಂದಿದೆ. ಸುತ್ತುವುದು ಮಾತ್ರ ಹಾಗೇ ಇದೆ. ಲೈಫ್ ಜಾಕೆಟ್ ಕೊಟ್ಟರೆ ಹತ್ತಿ, ಇಲ್ಲದಿದ್ದರೆ ಬೇಡ.

ಬಂಡೆಗಳು. ಇವು ಎಲ್ಲಿಂದಲೋ ಉರುಳಿ ಬಂದದ್ದಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಇದ್ದಲ್ಲೇ ಬಿರುಕು ಬಿಟ್ಟಿತು. ಬಿರುಕಿಗೆ ನೀರಿಳಿದು ಮೂಲೆಗಳು ಮೊದಲು ಸವೆದವು, ಕಲ್ಲು ದುಂಡಗಾಯಿತು. ಸುಗ್ರೀವನ ಗುಹೆಯ ಹತ್ತಿರ ಬಂಡೆ ಮೇಲೆ ಒಂದು ಪಟ್ಟೆ ಇದೆ, ಸೀತೆಯ ಸೆರಗು ಎಳೆದ ಗುರುತು ಅಂತ ಹೇಳುತ್ತಾರೆ. ಮಕ್ಕಳಿಗೆ ಎರಡು ಕಥೆಯನ್ನೂ ಹೇಳಿ.

ನೀರುನಾಯಿ. ತುಂಗಭದ್ರಾ ಅಣೆಕಟ್ಟಿನಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅದು ಕಾಣುವುದು ಅದೃಷ್ಟ. ಆದರೆ ದಂಡೆಯ ಬಂಡೆಗಳ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ಕಂಡರೆ ಅವು ಅಲ್ಲಿಗೆ ಬಂದು ಹೋಗಿವೆ ಅಂತ ಅರ್ಥ. ಮುಟ್ಟದೆ ನೋಡಲಿ.

ಕೊನೆಗೆ ನೀರಿನ ವಿಷಯ. ಹೊಳೆಗೆ ಇಳಿಯಲೇಬೇಡಿ. ಚಕ್ರತೀರ್ಥದಲ್ಲಿ ಸುಳಿ ಇದೆ, ಹೊಳೆಯಲ್ಲಿ ಮೊಸಳೆ ಇದೆ. ಮೇಲ್ಗಡೆ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ ಜಾಸ್ತಿ ಗೇಟು ತೆಗೆದರೆ ಪುರಂದರ ಮಂಟಪವೇ ಮುಳುಗುತ್ತದೆ. ಮಳೆಗಾಲದಲ್ಲಿ ಹೋಗುವವರು ಬೆಳಗ್ಗೆ ಹೊಸಪೇಟೆಯಲ್ಲೇ "ಹೊಳೆಗೆ ನೀರು ಬಿಟ್ಟಾರೇನ್ರಿ?" ಅಂತ ವಿಚಾರಿಸಿ. ಬಿಟ್ಟಿದ್ದರೆ ಹೊಳೆ ದಾರಿ ಆ ದಿನ ಬೇಡ. ಬಜಾರಿನ ಸಾಲುಮಂಟಪದಲ್ಲೇ ಕೂತು ಹುಣಸೆ ಬೀಜ ಬಿಚ್ಚಿ. ನೀರು ಬಿಟ್ಟಿಲ್ಲ ಅಂದರೆ ಏಳು ಗಂಟೆಯೊಳಗೆ ಎದುರು ಬಸವಣ್ಣನ ಹತ್ತಿರ ಇರಿ. ವಾಪಸ್ಸು ನಡೆಯುವ ಚಿಂತೆ ಬೇಡ, ವಿಠ್ಠಲ ದೇವಸ್ಥಾನದ ಮುಂದೆ ಬ್ಯಾಟರಿ ಗಾಡಿ ಸಿಗುತ್ತದೆ, ಅದು ನಿಮ್ಮನ್ನು ಇಳಿಸುವ ಕಡೆಯಿಂದ ಆಟೋ ಹಿಡಿಯಬಹುದು.