ಟ್ಯಾಂಕ್ ಇಲ್ಲದ ಗೀಸರ್ ನಮ್ಮ ಮನೆಗೆ ಬೇಕೇ?

ಇದು ನಮ್ಮ ಮನೆಯ ಗೀಸರ್‌ನ ಒಳಗಿದ್ದ ಹೀಟರ್ ಕಾಯಿಲ್. ಮೇಲೆ ಬಿಳಿಯಾಗಿ ಕಾಣುತ್ತಿರುವುದು ಸುಣ್ಣ. ಉಗುರಿನಿಂದ ಕೆರೆದರೆ ಬರುವುದಿಲ್ಲ, ಸ್ಕ್ರೂಡ್ರೈವರ್ ತುದಿಯಿಂದ ತಟ್ಟಿದರೆ ಹಳೆಯ ಗೋಡೆಯ ಗಾರೆಯಂತೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಪಕ್ಕದಲ್ಲಿರುವ ಈ ತಂತಿ ಒಂಬತ್ತು ವರ್ಷದ ಹಿಂದೆ ಹೆಬ್ಬೆರಳಿನಷ್ಟು ದಪ್ಪದ ಮೆಗ್ನೀಸಿಯಂ ಕಡ್ಡಿಯಾಗಿತ್ತು. ತುಕ್ಕು ಟ್ಯಾಂಕಿಗೆ ಹಿಡಿಯುವ ಬದಲು ಈ ಕಡ್ಡಿಯನ್ನು ತಿನ್ನಲಿ ಎಂದು ಅದನ್ನು ಒಳಗೆ ಇಟ್ಟಿರುತ್ತಾರೆ. ತಿನ್ನಲು ಕಡ್ಡಿಯೇ ಉಳಿಯದಿದ್ದಾಗ ತುಕ್ಕು ಟ್ಯಾಂಕಿಗೆ ಬಾಯಿ ಹಾಕಿತು. ಕಳೆದ ಸೋಮವಾರ ಬೆಳಿಗ್ಗೆ ಬಚ್ಚಲು ಮನೆಯ ಗೋಡೆಯ ಮೇಲೆ ನೀರು ಇಳಿಯುತ್ತಿತ್ತು.

ನಮಸ್ಕಾರ. ಮೈಸೂರಿನ ನಮ್ಮ ಮನೆಯಲ್ಲಿ ನಾಲ್ಕು ಜನ: ನಾನು, ನಮ್ಮವರು, ಅತ್ತೆ, ಕಾಲೇಜಿಗೆ ಹೋಗುವ ಮಗಳು. ನೀರು ಬೋರ್‌ವೆಲ್‌ನದು, ಬೇಳೆ ಬೇಯುವುದಕ್ಕೂ ಸತಾಯಿಸುವಷ್ಟು ಗಡಸು. ಸತ್ತ ಗೀಸರ್ 25 ಲೀಟರಿನದು. ಅದರ ಜಾಗಕ್ಕೆ ಏನು ತರಬೇಕು ಎಂಬುದೇ ಈ ವಾರವಿಡೀ ನಮ್ಮ ಮನೆಯ ಚರ್ಚೆ.

ಚರ್ಚೆಗೆ ಕಿಡಿ ಹಚ್ಚಿದವಳು ಟೆಕ್ಸಸ್‌ನಲ್ಲಿರುವ ನನ್ನ ತಂಗಿ. "ಅಕ್ಕಾ, ಇನ್ನೂ ಟ್ಯಾಂಕ್ ಗೀಸರ್ ಅಂತ ಕೂತಿದ್ದೀಯಾ? ನಾವು ತೆಗೆಸಿ ಎರಡು ವರ್ಷವಾಯಿತು, ಬಿಲ್ ಎಷ್ಟು ಇಳಿಯಿತು ಗೊತ್ತಾ?" ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ದಿನಕ್ಕೆ 41 ಗ್ಯಾಲನ್, ಅಂದರೆ ಸುಮಾರು 155 ಲೀಟರ್ ಒಳಗೆ ಬಿಸಿನೀರು ಬಳಸುವ ಮನೆಗಳಲ್ಲಿ ಟ್ಯಾಂಕ್ ಇಲ್ಲದ, ಅಂದರೆ ನೀರನ್ನು ಹರಿಯುತ್ತಿರುವಾಗಲೇ ಕಾಯಿಸುವ ಹೀಟರ್ ಟ್ಯಾಂಕ್ ಇರುವುದಕ್ಕಿಂತ ಶೇಕಡಾ 24ರಿಂದ 34ರಷ್ಟು ಹೆಚ್ಚು ದಕ್ಷವಾಗಿರಬಲ್ಲದು ಎಂದು ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ. ಅದನ್ನು ಓದಿ ನಾನೂ ಅರ್ಧ ಮನಸ್ಸು ಮಾಡಿದ್ದೆ.

ಆಮೇಲೆ ಒಂದು ವಿಷಯ ಹೊಳೆಯಿತು. ತಂಗಿಯ ಮನೆಯ ಗ್ಯಾರೇಜಿನಲ್ಲಿ ಹಿಂದೆ ಇದ್ದದ್ದು ಆಳೆತ್ತರದ ಪೀಪಾಯಿ. ನಾನು ಹೋದಾಗ ನೋಡಿದ್ದೇನೆ. ಅದರೊಳಗೆ ನೂರೈವತ್ತು ಲೀಟರಿಗೂ ಹೆಚ್ಚು ನೀರು ಹಗಲೂ ರಾತ್ರಿ ಬಿಸಿಯಾಗಿರುತ್ತಿತ್ತು. ಮನೆಯವರೆಲ್ಲ ಪ್ರವಾಸ ಹೋದರೂ ಬಿಸಿ, ನಡುರಾತ್ರಿಯಲ್ಲೂ ಬಿಸಿ. ಆ ಶಾಖ ಸುಮ್ಮನೆ ಗ್ಯಾರೇಜಿಗೆ ಸೋರಿ ಹೋಗುತ್ತಿತ್ತು. ಟ್ಯಾಂಕ್ ತೆಗೆಸಿದಾಗ ಅವಳಿಗೆ ಉಳಿದದ್ದು ಆ ಸೋರಿಕೆಯ ಹಣ.

ನಮ್ಮಲ್ಲಿ? ಬಚ್ಚಲು ಮನೆಯ ಬಾಗಿಲ ಪಕ್ಕದ ಈ ಸ್ವಿಚ್ ನೋಡಿ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕುತ್ತೇವೆ, ಸ್ನಾನಕ್ಕೆ ಇಳಿಯುವಾಗ ಆರಿಸುತ್ತೇವೆ. ಮರೆತರೆ ಅತ್ತೆ ನಡುಮನೆಯಿಂದಲೇ "ಗೀಸರ್ ಆಫ್ ಮಾಡಿದಿರಾ?" ಎಂದು ಮೂರು ಸಲ ಕೂಗುತ್ತಾರೆ. ಸೋರಿಕೆಯನ್ನು ನಾವು ಮೊದಲೇ ಸ್ವಿಚ್ಚಿನಿಂದ ಕಟ್ಟಿಹಾಕಿದ್ದೇವೆ. ಉಳಿಸಲು ಉಳಿದಿರುವುದು ಚಿಲ್ಲರೆ.

ಆದರೂ ಲೆಕ್ಕ ಮಾಡದೆ ಬಿಡುವ ಜಾಯಮಾನ ನನ್ನದಲ್ಲ. ಬೆಳಿಗ್ಗೆ ಆರು ಗಂಟೆಗೆ ನಲ್ಲಿ ನೀರಿಗೆ ಥರ್ಮಾಮೀಟರ್ ಅದ್ದಿದೆ. 21 ಡಿಗ್ರಿ. ಅತ್ತೆಗೆ ಹಿತವಾಗುವ ಸ್ನಾನದ ನೀರು 41. ನಮ್ಮ ಬಕೆಟ್ 18 ಲೀಟರಿನದು. ಇಷ್ಟು ನೀರನ್ನು 20 ಡಿಗ್ರಿ ಏರಿಸಲು ಸುಮಾರು 0.42 ಯೂನಿಟ್ ವಿದ್ಯುತ್ ಬೇಕು. ಅದು ದೊಡ್ಡ ಟ್ಯಾಂಕಿನಲ್ಲಿ ಕಾದರೂ ಅಷ್ಟೇ, ಹರಿಯುತ್ತಲೇ ಕಾದರೂ ಅಷ್ಟೇ. ಅಂಗಡಿಯಾತ ಟ್ಯಾಂಕ್ ಇಲ್ಲದ ಗೀಸರ್ ಬಗ್ಗೆ "ಇನ್‌ಸ್ಟಂಟ್ ತಗೊಳ್ಳಿ ಮೇಡಂ, ಕರೆಂಟ್ ಅರ್ಧಕ್ಕರ್ಧ ಉಳಿಯುತ್ತೆ" ಎಂದಾಗ ನಾನು ನಕ್ಕಿದ್ದು ಅದಕ್ಕೇ.

ಇನ್ನು ವೇಗ. ನಮ್ಮಲ್ಲಿ ಇನ್‌ಸ್ಟಂಟ್ ಎಂದು ಮಾರುವ ವಿದ್ಯುತ್ ಗೀಸರ್‌ಗಳು ಹೆಚ್ಚಾಗಿ 3 ಕಿಲೋವ್ಯಾಟ್‌ನವು, ಒಳಗೆ ಒಂದೋ ಮೂರೋ ಲೀಟರಿನ ಪುಟ್ಟ ಟ್ಯಾಂಕ್ ಇದ್ದೇ ಇರುತ್ತದೆ. ಅದರಿಂದ 41 ಡಿಗ್ರಿಯ ನೀರು ಸತತವಾಗಿ ಬೇಕೆಂದರೆ ನಿಮಿಷಕ್ಕೆ ಎರಡು ಲೀಟರಿಗಿಂತ ತುಸು ಹೆಚ್ಚು ಸಿಗುತ್ತದೆ, ಕಿರುಬೆರಳಿನ ಗಾತ್ರದ ಧಾರೆ. ಒಂದು ಬಕೆಟ್ ತುಂಬಲು ಎಂಟೂವರೆ ನಿಮಿಷ. ಅತ್ತೆಗೆ ಅದು ಸಮಸ್ಯೆಯೇ ಅಲ್ಲ, ಬಕೆಟ್ ತುಂಬುವಷ್ಟರಲ್ಲಿ ಅವರು ವಿಷ್ಣು ಸಹಸ್ರನಾಮ ಅರ್ಧ ಮುಗಿಸಿರುತ್ತಾರೆ. ಮಗಳಿಗೆ ಶವರ್ ಬೇಕು. ನಿಮಿಷಕ್ಕೆ 8 ಲೀಟರ್ ಸುರಿಯುವ ಶವರಿಗೆ ಅದೇ 20 ಡಿಗ್ರಿ ಏರಿಸಬೇಕಾದರೆ 11 ಕಿಲೋವ್ಯಾಟ್ ಬೇಕು. ನಮ್ಮ ಮನೆಗೆ ಮಂಜೂರಾಗಿರುವುದೇ 3 ಕಿಲೋವ್ಯಾಟ್. ಶವರಿಗಾಗಿ ಮೂರು ಫೇಸ್ ಎಳೆಸಿ, ಮೀಟರ್ ಬದಲಿಸಿ, ಗೋಡೆ ಒಡೆಸಿ ಹೊಸ ತಂತಿ ಹಾಕಿಸಬೇಕು! ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಕೊಟ್ಟ ಉಚಿತ ಯೂನಿಟ್‌ಗಳೊಳಗೆ ತೂಗಿ ನೋಡಿ ಬದುಕುತ್ತಿರುವ ಮನೆ ನಮ್ಮದು.

ಗ್ಯಾಸ್ ಗೀಸರ್ ಹಾಕಿಸೋಣ ಎಂದರು ನಮ್ಮವರು. ನಿಜವಾಗಿ ಟ್ಯಾಂಕ್ ಇಲ್ಲದ್ದು ಅದೇ. ನಲ್ಲಿ ತಿರುಗಿಸಿದರೆ ಉರಿ ಹೊತ್ತಿಕೊಳ್ಳುತ್ತದೆ, ನಿಮಿಷಕ್ಕೆ ಆರು ಲೀಟರ್ ಬಿಸಿನೀರು. ಶವರಿನ ತೊಂದರೆ ಅಲ್ಲಿಗೆ ತೀರಿತು. ಆದರೆ ನಾನು ಅವರನ್ನು ಬಚ್ಚಲು ಮನೆಗೆ ಕರೆದುಕೊಂಡು ಹೋಗಿ ಮೇಲೆ ನೋಡಿ ಎಂದೆ. ನಮ್ಮ ವೆಂಟಿಲೇಟರ್ ಇದು, ಒಂದು ಪುಸ್ತಕದಷ್ಟು ಅಗಲ. ಚಳಿ ಬರುತ್ತದೆಂದು ಅದಕ್ಕೂ ರಟ್ಟು ಒತ್ತಿದ್ದೇವೆ. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿಯುತ್ತದೆ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವ ವಾಸನೆ ಬೇಕೆಂದೇ ಬೆರೆಸಿದ್ದು, ಈ ವಿಷಕ್ಕೆ ಆ ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಬಾಗಿಲು ತೆರೆಯಲೇ ಇಲ್ಲ ಎಂಬ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಹಾಕಿಸುವುದಾದರೆ ಬಚ್ಚಲಿನ ಹೊರಗೆ, ಬಯಲಿಗೆ ತೆರೆದ ಜಾಗದಲ್ಲಿ ಹಾಕಿಸಬೇಕು. ನಮಗೆ ಅಂಥ ಜಾಗವಿಲ್ಲ. ಅದೂ ಅಲ್ಲದೆ ನೀರಿನ ಟ್ಯಾಂಕ್ ಶವರಿಗಿಂತ ಎರಡೂವರೆ ಮೀಟರ್ ಮಾತ್ರ ಮೇಲಿದೆ. ಒತ್ತಡ ಸಾಲದೆ ಉರಿ ಹತ್ತುವುದು, ಆರುವುದು ನಡೆದೇ ಇರುತ್ತದೆ, ತಲೆಗೆ ಶಾಂಪೂ ಹಾಕಿಕೊಂಡ ಹೊತ್ತಿಗೇ ಆರುತ್ತದೆ. ಕಿರಿದಾದ ಕೊಳವೆಗಳಲ್ಲಿ ನಮ್ಮ ಸುಣ್ಣದ ನೀರು ಎಷ್ಟು ದಿನ ಸರಾಗವಾಗಿ ಹರಿದೀತು ಎನ್ನುವುದು ಬೇರೆ.

ಅತ್ತೆಯ ಆಕ್ಷೇಪ ಇದಾವುದೂ ಅಲ್ಲ. ಅವರು ತಿಪಟೂರಿನ ಕಡೆಯವರು, ತೆಂಗಿನ ಸಿಪ್ಪೆ ಒಟ್ಟಿ ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿದವರು. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಈಗಲೂ ಗೀಸರ್‌ಗೆ ಸುಣ್ಣದ ಗೆರೆ ಎಳೆದು, ಕುಂಕುಮವಿಟ್ಟು, ಒಂದು ಸೇವಂತಿಗೆ ಸಿಕ್ಕಿಸುತ್ತಾರೆ. "ಟ್ಯಾಂಕೇ ಇಲ್ಲ ಅಂದರೆ ಹಬ್ಬಕ್ಕೆ ಏನಮ್ಮ ತುಂಬೋದು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಕೊನೆಗೆ ಆದದ್ದು ಇಷ್ಟು. ಬಚ್ಚಲಿಗೆ ಮತ್ತೆ 25 ಲೀಟರಿನ ಟ್ಯಾಂಕ್ ಗೀಸರ್. ಈ ಸಲ ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ, ಸುಣ್ಣ ಕೆರೆಸಿ, ಆ ಕಡ್ಡಿ ಬದಲಿಸುತ್ತೇನೆ. ಶಾಖವನ್ನು 60 ಡಿಗ್ರಿಗಿಂತ ಮೇಲೆ ಏರಿಸುವುದಿಲ್ಲ, ಏರಿಸಿದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ. ಅಡುಗೆಮನೆಯ ಸಿಂಕಿಗೆ ಮಾತ್ರ ಮೂರು ಲೀಟರಿನ ಪುಟಾಣಿ ಇನ್‌ಸ್ಟಂಟ್ ತಂದೆವು. ಎರಡು ಪಾತ್ರೆ ತೊಳೆಯಲು, ಅತ್ತೆಯ ಗಂಟು ನೋಯುವ ಬೆರಳುಗಳಿಗೆ ಅದು ಹೇಳಿ ಮಾಡಿಸಿದಂತಿದೆ. ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ ಎಂದು ಎಲೆಕ್ಟ್ರಿಷಿಯನ್ ತಾಕೀತು ಮಾಡಿ ಹೋಗಿದ್ದಾರೆ. ತಂಗಿಗೆ ಇನ್ನೂ ಹೇಳಿಲ್ಲ, ಈ ವಿಡಿಯೊ ನೋಡಿಯೇ ಬೈಯಲಿ.

ನಿನ್ನೆ ಸಂಜೆ ಕೂರಿಸಿದ ಹೊಸ ಗೀಸರ್ ಇಲ್ಲಿದೆ, ಇನ್ನೂ ಪ್ಲಾಸ್ಟಿಕ್ ಹಾಳೆ ಸುಲಿದಿಲ್ಲ. ಕ್ಯಾಮೆರಾ ಸ್ವಲ್ಪ ಕೆಳಗೆ ತರುತ್ತೇನೆ... ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಿದೆಯಲ್ಲ! ಮಗಳು ಕಾಲೇಜಿಗೆ ಹೋಗಿ ಮೂರು ಗಂಟೆಯಾಯಿತು. ಅತ್ತೆ ಏಳುವ ಮೊದಲು ಆರಿಸಿಬರುತ್ತೇನೆ, ಒಂದು ನಿಮಿಷ.