ಬಾಗಿಲಿಗೆ ಅಂಟಿಸುವ ಮೊದಲು ಅಂಚೆ ಕಚೇರಿಗೆ ಹೋಗಿ

ನಮಸ್ಕಾರ. ಹಾಸನದ ಸಾಲಗಾಮೆ ರಸ್ತೆಯ ಸುತ್ತಲಿನ ಬಡಾವಣೆಯೊಂದರಲ್ಲಿ ಮನೆ ಬಾಡಿಗೆಗೆ ಕೊಟ್ಟು, ತಾವು ಸಕಲೇಶಪುರದ ಕಡೆಯ ತೋಟದಲ್ಲಿರುವ ಮಾಲೀಕರೊಬ್ಬರನ್ನು ಕಲ್ಪಿಸಿಕೊಳ್ಳಿ. ಬಾಡಿಗೆದಾರರೊಂದಿಗೆ ಮನಸ್ತಾಪ ಬಂದೊಡನೆ ಅವರು ‘ಮನೆ ಖಾಲಿ ಮಾಡತಕ್ಕದ್ದು’ ಎಂದು ಹಾಳೆಯಲ್ಲಿ ಬರೆದು, ಬೀದಿಯವರೆಲ್ಲ ಓದುವಂತೆ ಬಾಗಿಲಿಗೆ ಅಂಟಿಸಿ, ಅದರ ಫೋಟೊವನ್ನು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿ, ನೋಟಿಸ್ ಕೊಟ್ಟಾಯಿತೆಂದು ನಿಶ್ಚಿಂತರಾಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದರಿಂದ ಬಾಡಿಗೆದಾರರಿಗೆ ಅವಮಾನವಾಗುತ್ತದೆಯೇ ಹೊರತು ಮಾಲೀಕರ ದಾವೆಗೆ ಬಲ ಬರುವುದಿಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಇದಕ್ಕೊಂದು ಕ್ರಮವನ್ನು ಹೇಳಿದೆ. ನೋಟಿಸ್ ಬರವಣಿಗೆಯಲ್ಲಿರಬೇಕು, ಕೊಡುವವರ ಅಥವಾ ಅವರ ಪರವಾಗಿ ವಕೀಲರಂಥವರ ಸಹಿ ಇರಬೇಕು, ಅದನ್ನು ಅಂಚೆಯಲ್ಲಿ ಕಳುಹಿಸಬೇಕು, ಇಲ್ಲವೇ ಬಾಡಿಗೆದಾರರ ಕೈಗೆ ಅಥವಾ ಅವರ ವಾಸದ ಮನೆಯಲ್ಲಿ ಕುಟುಂಬದವರೊಬ್ಬರಿಗೋ ಮನೆಗೆಲಸದವರಿಗೋ ಕೊಡಬೇಕು. ಹಾಗೆ ಕೊಡುವುದು ಸಾಧ್ಯವೇ ಆಗದಿದ್ದಾಗ ಮಾತ್ರ ಮನೆಯ ಎದ್ದು ಕಾಣುವ ಭಾಗಕ್ಕೆ ಅಂಟಿಸಬಹುದು. ಪಕ್ಕದ ಮನೆಯವರ ಕೈಯಲ್ಲಿಟ್ಟು ಬರುವುದು ಈ ಪಟ್ಟಿಯಲ್ಲಿಲ್ಲ, ವಾಟ್ಸ್‌ಆ್ಯಪಿನ ಹೆಸರೂ ಇಲ್ಲ.

ಎಷ್ಟು ದಿನಗಳ ನೋಟಿಸ್ ಎಂಬ ಪ್ರಶ್ನೆಗೆ ಮೊದಲ ಉತ್ತರ ನಿಮ್ಮ ಕರಾರು ಪತ್ರದಲ್ಲೇ ಇರುತ್ತದೆ. ಅದರಲ್ಲಿ ಬೇರೆ ಅವಧಿಯನ್ನು ಹೇಳಿರದಿದ್ದರೆ ತಿಂಗಳ ಬಾಡಿಗೆಗೆ 15 ದಿನ. ಹನ್ನೊಂದು ತಿಂಗಳ ಕರಾರು ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತ ಬಂದಿದ್ದರೆ, ವಾಸದ ಮನೆಯ ಮಟ್ಟಿಗೆ ಅದು ಸಾಮಾನ್ಯವಾಗಿ ತಿಂಗಳ ಬಾಡಿಗೆಯೆಂದೇ ಪರಿಗಣಿತವಾಗುವುದರಿಂದ, ‘ಕರಾರು ಎಂದೋ ಮುಗಿದಿದೆ, ನೋಟಿಸ್ ಏಕೆ’ ಎಂಬ ವಾದವನ್ನು ನಂಬಿ ಕೂರಬಾರದು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬರುವ ಮನೆಗಳಲ್ಲಂತೂ, ಬಾಕಿಯ ಕಾರಣಕ್ಕೆ ತೆರವು ಕೇಳಬೇಕಾದರೆ, ಬೇಡಿಕೆ ನೋಟಿಸನ್ನು ಇದೇ 106ನೇ ಕಲಮಿನ ರೀತಿಯಲ್ಲಿ ಜಾರಿ ಮಾಡಿ, ಬಾಕಿ ತೀರಿಸಲು ಎರಡು ತಿಂಗಳು ಕಾಯಬೇಕು.

ನಾನು ಅಂಚೆಯನ್ನೇ ಒತ್ತಿ ಹೇಳುವುದು ರುಜುವಾತಿನ ಕಾರಣಕ್ಕೆ. ಕೈಗೆ ಕೊಟ್ಟದ್ದನ್ನು ನಾಳೆ ಅಲ್ಲಗಳೆಯಬಹುದು. ಆದರೆ ಸರಿಯಾದ ವಿಳಾಸ ಬರೆದು, ಪೂರ್ತಿ ಶುಲ್ಕ ಕಟ್ಟಿ, ನೋಂದಾಯಿಸಿ ಕಳುಹಿಸಿದ ಪತ್ರವು ತಲುಪಿದೆಯೆಂದೇ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೇ ಕಲಂ ಭಾವಿಸುತ್ತದೆ, ತಲುಪಿಲ್ಲವೆಂದು ತೋರಿಸುವ ಹೊಣೆ ಎದುರಿನವರದಾಗುತ್ತದೆ. ‘ಸ್ವೀಕರಿಸಲು ನಿರಾಕರಿಸಿದ್ದಾರೆ’ ಎಂಬ ಪೋಸ್ಟ್‌ಮ್ಯಾನ್ ಷರಾದೊಂದಿಗೆ ಲಕೋಟೆ ಹಿಂದಿರುಗಿದರೂ ಅದು ಜಾರಿಯಾದಂತೆಯೇ ಎಂದು ಸುಪ್ರೀಂ ಕೋರ್ಟ್ 1981ರಲ್ಲಿ, ಬಾಡಿಗೆ ಮನೆಯ ಪ್ರಕರಣವೊಂದರಲ್ಲಿಯೇ ಹೇಳಿದೆ. ಆದ್ದರಿಂದ ಬಾಡಿಗೆದಾರರು ಪತ್ರವನ್ನು ಹಿಂದಕ್ಕೆ ಕಳುಹಿಸಿ ಗೆದ್ದೆವೆಂದುಕೊಳ್ಳುವುದೂ ತಪ್ಪೇ. ಹಿಂದಿರುಗಿದ ಲಕೋಟೆಯನ್ನು ಕುತೂಹಲಕ್ಕೆ ಒಡೆಯುವ ಮಾಲೀಕರಿಗೊಂದು ಕಿವಿಮಾತು: ಒಡೆಯಬೇಡಿ, ಹಾಗೆಯೇ ವಕೀಲರಿಗೆ ಕೊಡಿ.

2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿರುವುದರಿಂದ, ಈಗ ಕೌಂಟರಿನಲ್ಲಿ ನೋಂದಣಿ ಮತ್ತು ತಲುಪಿದ್ದರ ಪುರಾವೆ ಎರಡನ್ನೂ ಬಾಯಿಬಿಟ್ಟು ಕೇಳಿ ಪಡೆಯಬೇಕು.

ಇಷ್ಟೆಲ್ಲ ಸರಿಯಾಗಿ ನಡೆದು ಗಡುವು ಮುಗಿದರೂ ಮಾಲೀಕರಿಗೆ ದೊರೆಯುವುದು ದಾವೆ ಹೂಡುವ ಹಕ್ಕು ಮಾತ್ರ, ಬೀಗ ಒಡೆಯುವ ಹಕ್ಕಲ್ಲ. ನೀರು ನಿಲ್ಲಿಸಿ, ಸಾಮಾನು ಹೊರಹಾಕಿ ಬಲವಂತವಾಗಿ ತೆರವು ಮಾಡಿಸಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹೂಡಿ ಅದೇ ಮನೆಯ ಸ್ವಾಧೀನವನ್ನು ಮರಳಿ ಪಡೆಯಬಹುದು, ಮನೆಯ ಮಾಲೀಕತ್ವ ಯಾರದೆಂಬ ಪ್ರಶ್ನೆ ಆ ದಾವೆಯಲ್ಲಿ ಏಳುವುದೇ ಇಲ್ಲ.