ಸಮುದ್ರ ಅವರ ರಕ್ತದಲ್ಲಿ ಇರಲಿಲ್ಲ

ನಮಸ್ಕಾರ ಗೆಳೆಯರೇ. ಪೆಸಿಫಿಕ್ ಸಾಗರದ ದ್ವೀಪಗಳ ನಾಡು ಪಾಲಿನೇಷ್ಯಾದ ಹಳೇ ನಾವಿಕರ ಬಗ್ಗೆ ಮಾತು ಬಂದಾಗೆಲ್ಲ "ಸಮುದ್ರ ಅವರ ರಕ್ತದಲ್ಲೇ ಇತ್ತು" ಅಂತ ಯಾರಾದರೂ ಹೇಳುತ್ತಾರೆ. ಹೊಗಳಬೇಕು ಅಂತಲೇ ಹೇಳುವುದು, ಆದರೂ ನನಗೆ ಒಪ್ಪಿಗೆಯಿಲ್ಲ. ರಕ್ತದಲ್ಲಿ ಇದ್ದಿದ್ದರೆ ಅದು ಕಳೆದುಹೋಗುತ್ತಲೇ ಇರಲಿಲ್ಲ, ಅಲ್ವಾ?

ಪಾಲಿನೇಷ್ಯಾಕ್ಕೇ ಸೇರಿದ ಹವಾಯಿಯಲ್ಲಿ ಈ ದಾರಿ ಕಾಣುವ ವಿದ್ಯೆ ಕಳೆದೇ ಹೋಗಿತ್ತು. 1975ರಲ್ಲಿ ಹೋಕುಲೇಆ ಅನ್ನುವ ಜೋಡಿ ದೋಣಿಯನ್ನು ಹಳೇ ಮಾದರಿಯಲ್ಲಿ ಕಟ್ಟಿ ನೀರಿಗಿಳಿಸಿದರು. ಆದರೆ ನಕ್ಷೆ, ದಿಕ್ಸೂಚಿ ಯಾವುದೂ ಇಲ್ಲದೆ ಅದನ್ನು ಸುಮಾರು 4,000 ಕಿ.ಮೀ. ದೂರದ ಟಹೀಟಿಗೆ ಮುಟ್ಟಿಸಬಲ್ಲವರು ಅಲ್ಲಿ ಸಿಗಲಿಲ್ಲ. ಕೊನೆಗೆ ಪೆಸಿಫಿಕ್‌ನದೇ ಇನ್ನೊಂದು ದ್ವೀಪಸಮೂಹ ಮೈಕ್ರೊನೇಷ್ಯಾದ ಸತವಾಲ್ ಎಂಬ ಪುಟ್ಟ ದ್ವೀಪದಿಂದ ನಾವಿಕ ಮೌ ಪಿಯೈಲುಗ್ ಬರಬೇಕಾಯಿತು. 1976ರ ಮೇ 1ಕ್ಕೆ ಹೊರಟ ದೋಣಿ ಜೂನ್ 4ಕ್ಕೆ ಟಹೀಟಿಯ ಪಪೀಟೆ ಬಂದರು ಸೇರಿದಾಗ ಸಾವಿರಾರು ಜನ ದಡದಲ್ಲಿ ನೆರೆದಿದ್ದರು.

ಮೌ ಇದನ್ನು ಕಲಿತದ್ದು ಅಜ್ಜನಿಂದ. ಕೂಸಾಗಿದ್ದಾಗಲೇ ಅಜ್ಜ ಅವರನ್ನು ಉಬ್ಬರದ ನೀರು ನಿಲ್ಲುವ ದಡದ ಗುಂಡಿಗಳಲ್ಲಿ ಕೂರಿಸುತ್ತಿದ್ದರಂತೆ, ನೀರಿನ ಅಲುಗಾಟ ಮೈಗೆ ಹತ್ತಲಿ ಅಂತ. ಆಮೇಲೆ ನೆಲದ ಮೇಲೆ ಹವಳದ ಕಲ್ಲುಗಳನ್ನು ವೃತ್ತವಾಗಿ ಇಟ್ಟು ಪಾಠ: ಯಾವ ನಕ್ಷತ್ರ ಎಲ್ಲಿ ಹುಟ್ಟುತ್ತದೆ, ಎಲ್ಲಿ ಮುಳುಗುತ್ತದೆ, ಅದು ಮೇಲೇರಿದ ಮೇಲೆ ಅದೇ ಜಾಗದಿಂದ ಮುಂದೆ ಯಾವುದು ಬರುತ್ತದೆ, ಎಲ್ಲವೂ ನಾವು ಮಗ್ಗಿ ಕಲಿತ ಹಾಗೆ ಬಾಯಿಪಾಠ ಆಗಬೇಕು. ಮೋಡ ಕವಿದರೆ ಅಲೆ ದೋಣಿಯನ್ನು ಯಾವ ಕಡೆಯಿಂದ ಎತ್ತುತ್ತಿದೆ ಅಂತ ಮಲಗಿಯೇ ಗುರುತಿಸಬೇಕು. ಬಿಳಿ ರೀವ ಹಕ್ಕಿ ಬೆಳಿಗ್ಗೆ ಮೀನಿಗೆ ಕಡಲಿಗೆ ಹಾರುತ್ತದೆ, ಸಂಜೆ ನೆಲಕ್ಕೆ ಮರಳುತ್ತದೆ. ಸಂಜೆ ಅದು ಹಾರಿದ ದಿಕ್ಕಿನಲ್ಲಿ ದ್ವೀಪ ಇದೆ ಅಂತ ಲೆಕ್ಕ. ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡು ವಾರಗಟ್ಟಲೆ ಸರಿಯಾಗಿ ನಿದ್ದೆಯಿಲ್ಲದೆ ದಾರಿಯ ಎಣಿಕೆ ತಪ್ಪದ ಹಾಗೆ ನೋಡಿಕೊಳ್ಳಬೇಕು. ಇದನ್ನು ಹುಟ್ಟುಗುಣ ಅಂದರೆ ಅವರ ಓದನ್ನೇ ಅಳಿಸಿದ ಹಾಗೆ.

ಹವಾಯಿಯ ನೈನೋವಾ ಥಾಂಪ್ಸನ್ ಕೂಡ ಕಲಿತೇ ನಾವಿಕರಾದದ್ದು. ಹೊನೊಲುಲುವಿನ ತಾರಾಲಯದಲ್ಲಿ ಕೂತು ನಕ್ಷತ್ರಗಳನ್ನು ಅಭ್ಯಾಸ ಮಾಡಿದರು, ಮೌ ಅವರ ಹತ್ತಿರ ಪಾಠ ಹೇಳಿಸಿಕೊಂಡರು, 1980ರಲ್ಲಿ ತಾವೇ ದಾರಿ ಹಿಡಿದು ಟಹೀಟಿಗೆ ಹೋಗಿ ವಾಪಸ್ ಬಂದರು.

ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಮೌ ತೆಗೆದುಕೊಂಡ ತೀರ್ಮಾನ. ಈ ವಿದ್ಯೆ ಮನೆತನದ ಒಳಗೇ ಉಳಿಯಬೇಕಾದದ್ದು. ಹೊರಗಿನವರಿಗೆ ಕೊಟ್ಟಿದ್ದಕ್ಕೆ ಅವರ ಕಡೆಯವರೇ ಸಿಟ್ಟಾದರು. ಆದರೆ ಊರಿನ ಹುಡುಗರಿಗೆ ಆಸಕ್ತಿ ಕಡಿಮೆಯಾಗುತ್ತಿದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು, ಕಲಿಸುವುದನ್ನು ನಿಲ್ಲಿಸಲಿಲ್ಲ. 2007ರಲ್ಲಿ ಸತವಾಲ್‌ನಲ್ಲೇ, ದಶಕಗಳಿಂದ ನಿಂತುಹೋಗಿದ್ದ ಪ್ವೋ ಎಂಬ ನಾವಿಕ ದೀಕ್ಷೆಯನ್ನು ಮತ್ತೆ ನಡೆಸಿ, ಐವರು ಹವಾಯಿಯವರ ಜೊತೆ ತಮ್ಮ ಮೈಕ್ರೊನೇಷ್ಯಾದ ನಾವಿಕರಿಗೂ ಗುರುಗಳ ಸ್ಥಾನ ಕೊಟ್ಟರು.